ಮೃಗಶಿರಾ ಮಳೆ ಹಿಡಿಯುವ ಮೊದಲು ನಾಲ್ಕು ಮನೆ ಹಂಚು ಕೈಯಾಡಿಸಬೇಕು, ಯಾರು ಬರುತ್ತೀರಿ?

ತುಂಗೆದಂಡೆ:
ಎಲ್ಲರಿಗೂ ನಮಸ್ಕಾರ. ನಾವು ತೀರ್ಥಹಳ್ಳಿ ಕಡೆಯ ಏಳೆಂಟು ಜನ. ಮೂರು ವರ್ಷದಿಂದ ಏಪ್ರಿಲ್, ಮೇನಲ್ಲಿ ಒಂದು ಕೆಲಸ ಹಚ್ಚಿಕೊಂಡಿದ್ದೇವೆ. ಮಕ್ಕಳು ಹತ್ತಿರ ಇಲ್ಲದ ವಯಸ್ಸಾದವರು, ಕೈಕಾಲು ಆಗದವರು ಇರುವ ಮನೆಗಳ ಮಾಡು, ಅಂದರೆ ಹಂಚಿನ ಸೂರು, ರಿಪೇರಿ ಮಾಡಿಕೊಡುವುದು. ಸಂಘ ಇಲ್ಲ, ಬ್ಯಾನರ್ ಇಲ್ಲ. ಭಾನುವಾರ ಬೆಳಿಗ್ಗೆ ಏಣಿ, ಹಗ್ಗ, ಸುತ್ತಿಗೆ ಹಿಡಿದು ಹೋಗುತ್ತೇವೆ. ಸಂಜೆ ಬರುತ್ತೇವೆ. ಅಷ್ಟೇ.

ಈ ಕೆಲಸ ಯಾಕೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಆಗುಂಬೆ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಒಂದು ಹಂಚು ಒಡೆದರೆ ಮೊದಲ ವರ್ಷ ಒಂದು ಪಾತ್ರೆ ಇಟ್ಟರೆ ಸಾಕು. ಎರಡನೇ ವರ್ಷ ಹಂಚು ಕೂರುವ ರೀಪು ಲಡ್ಡು ಹಿಡಿಯುತ್ತದೆ. ಆಮೇಲೆ ರೀಪು ಹೊರುವ ಪಕಾಸಿ. ಆಮೇಲೆ ಮಣ್ಣಿನ ಗೋಡೆ ನೆನೆದು ಕೂರುತ್ತದೆ. ನೂರು ರೂಪಾಯಿಯಲ್ಲಿ ಮುಗಿಯುವ ಕೆಲಸ ಮನೆಯನ್ನೇ ತಿನ್ನುತ್ತದೆ.

ಹೋದ ವರ್ಷ ಒಂದು ಮನೆಗೆ ಹೋದಾಗ ಅಜ್ಜಿ ಒಬ್ಬರೇ ಇದ್ದರು. ನೆಲದ ಮೇಲೆ ಹದಿನಾಲ್ಕು ಪಾತ್ರೆ. ಹಿತ್ತಾಳೆ ಚರಿಗೆ, ಅಲ್ಯೂಮಿನಿಯಂ ಬೋಗುಣಿ, ಪೇಂಟಿನ ಡಬ್ಬಿ, ಕೊನೆಗೆ ಒಂದು ತೆಂಗಿನ ಗರಟೆ. ಮಳೆಯೇ ಇಲ್ಲದ ಮೇ ತಿಂಗಳು ಅದು. "ತೆಗೆದರೆ ಜಾಗ ಮರೆತು ಹೋಗುತ್ತೆ ಮಗಾ" ಅಂದರು. ಹೋದ ಮಳೆಗಾಲದಲ್ಲಿ ಹನಿ ಬೀಳುತ್ತಿದ್ದ ಜಾಗಕ್ಕೆ ಒಂದೊಂದನ್ನು ಹಾಗೇ ಬಿಟ್ಟಿದ್ದರು.

ಈ ಸಲ ನಾಲ್ಕು ಮನೆ ಗುರುತು ಮಾಡಿದ್ದೇವೆ. ಜೂನ್ 7ರ ಸುಮಾರಿಗೆ ಮೃಗಶಿರಾ ಹುಟ್ಟುತ್ತದೆ, ಅಷ್ಟರೊಳಗೆ ಮುಗಿಸಬೇಕು. ನನ್ನ ಪ್ರಶ್ನೆ ಎರಡು. ಒಂದು, ಕೆಲಸ ಗೊತ್ತಿರುವವರು ಸ್ವಲ್ಪ ತಿಳಿಸಿಕೊಡಿ. ಎರಡನೆಯದು ಕಷ್ಟದ್ದು. ನಾಲ್ಕರಲ್ಲಿ ಒಂದು ಮನೆಯವರು ಬೇಡ ಅನ್ನುತ್ತಿದ್ದಾರೆ. ಎಪ್ಪತ್ತು ದಾಟಿದ ಅಜ್ಜ, ಸಕ್ಕರೆ ಕಾಯಿಲೆಯಲ್ಲಿ ಒಂದು ಕಾಲು ಹೋಗಿದೆ. ಜಗಲಿ ಮೇಲೆ ಕೂತು ಕತ್ತಿಗೆ ಹಿಡಿ ಕೆತ್ತುತ್ತಿದ್ದರು. ನಾವು ವಿಷಯ ಹೇಳಿದಾಗ ತಲೆಯನ್ನೂ ಎತ್ತಲಿಲ್ಲ. "ನಾನೆಂತ ಕೇಳಿದ್ನಾ?" ಅಂದರು. ಮಾಡಿನಲ್ಲಿ ಬೆಳಕು ಬೀಳುವ ತೂತು ರಸ್ತೆಗೇ ಕಾಣುತ್ತದೆ ಮಾರಾಯ್ರೇ.

ಹಳೇಬಡಗಿ:
ಮೊದಲನೇ ಪ್ರಶ್ನೆಗೆ ನಾನು ಹೇಳುತ್ತೇನೆ. ಮೂವತ್ತು ವರ್ಷ ಮಾಡಿನ ಮೇಲೇ ಕಳೆದವನು.

ಹತ್ತಿದ ಕೂಡಲೇ ಹಂಚು ತೆಗೆಯಬೇಡಿ. ಮೊದಲು ಒಳಗೆ ಹೋಗಿ. ಮಧ್ಯಾಹ್ನ ಬಿಸಿಲಿನಲ್ಲಿ ಬಾಗಿಲು ಕಿಟಕಿ ಹಾಕಿ ಮೇಲೆ ನೋಡಿ. ಬೆಳಕಿನ ಚುಕ್ಕಿ ಎಲ್ಲಿ ಕಾಣುತ್ತದೋ ಆ ರೀಪಿಗೆ ಸುಣ್ಣದ ಗುರುತು ಹಾಕಿ. ಆದರೆ ಹನಿ ಬೀಳುವ ಜಾಗ, ತೂತಿರುವ ಜಾಗ ಎರಡೂ ಒಂದೇ ಅಂತ ತಿಳಿಯಬೇಡಿ. ನೀರು ಪಕಾಸಿ ಹಿಡಿದು ಎರಡು ಮೂರು ಅಡಿ ಕೆಳಗೆ ಇಳಿದು ಬಂದು ಬೀಳುತ್ತದೆ. ಆ ಅಜ್ಜಿಯ ಹದಿನಾಲ್ಕು ಪಾತ್ರೆಗೆ ಹದಿನಾಲ್ಕು ತೂತು ಇರಲಿಲ್ಲ, ಅಲ್ವಾ?

ಎಷ್ಟೋ ಸಲ ಹಂಚು ಒಡೆದೇ ಇರುವುದಿಲ್ಲ. ಮರದ ಎಲೆ ಉದುರಿ ಹಂಚಿನ ಮೇಲೆ ನೀರು ಹರಿಯುವ ಕಾಲುವೆಯಲ್ಲಿ ಕೂತಿರುತ್ತದೆ. ನೀರು ಕಟ್ಟಿ ಹಿಂದಕ್ಕೆ ನುಗ್ಗುತ್ತದೆ. ಗುಡಿಸಿದರೆ ಅರ್ಧ ಸೋರುವುದು ನಿಂತಿತು. ಇನ್ನು ಕೆಲವು ಕಡೆ ರೀಪು ಬಗ್ಗಿ ಹಂಚು ಬಾಯಿ ಬಿಟ್ಟಿರುತ್ತದೆ. ಅಲ್ಲಿ ಹೊಸ ಹಂಚು ಹಾಕಿದರೆ ಏನೂ ಪ್ರಯೋಜನ ಇಲ್ಲ, ರೀಪು ಬದಲಿಸಬೇಕು. ಮರ ಸಿಗದಿದ್ದರೆ ಬಲಿತ ಅಡಿಕೆ ದಬ್ಬೆ ಆಗುತ್ತದೆ. ಬಗನಿ ಮರದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಗೇರುಬೀಜದ ಸಿಪ್ಪೆಯ ಎಣ್ಣೆ, ಗೇರೆಣ್ಣೆ, ಎರಡು ಕೈ ಹೊಡೆಯಿರಿ. ಬರಿಗೈಯಲ್ಲಿ ಮುಟ್ಟಬೇಡಿ, ಸುಡುತ್ತದೆ.

ಒಂದು ಗಮನಿಸಿ. ಅಡುಗೆ ಮನೆಯ ಪಕಾಸಿ ಕಪ್ಪಗೆ ಇದ್ದರೂ ಗಟ್ಟಿ ಇರುತ್ತದೆ. ಹೊಗೆ ಕುಡಿದ ಮರಕ್ಕೆ ಹುಳ ಬೇಗ ಬೀಳುವುದಿಲ್ಲ. ಗ್ಯಾಸ್ ಬಂದ ಮೇಲೆ ಅದೂ ಹೋಯಿತು. ಗ್ಯಾಸ್ ಬೇಡ ಅನ್ನುತ್ತಿಲ್ಲ, ನನ್ನ ಹೆಂಡತಿ ಇದನ್ನು ಓದಿದರೆ ಕಷ್ಟ.

ಹಂಚು ತರುವಾಗ ಒಂದು ಒಡೆದ ಹಂಚು ಚೀಲದಲ್ಲಿ ಹಾಕಿಕೊಂಡು ಹೋಗಿ. ಬೇರೆ ಬೇರೆ ಕಾರ್ಖಾನೆಯ ಮಂಗಳೂರು ಹಂಚು ಒಂದಕ್ಕೊಂದು ಕಚ್ಚುವುದಿಲ್ಲ. ಬೆನ್ನ ಮೇಲಿನ ಹೆಸರು ನೋಡಿ ಹೊಂದಿಸಬೇಕು. ಆರ್‌ಸಿಸಿ ಮನೆ ಕಟ್ಟಲು ಹಳೇದನ್ನು ಕೆಡವುವವರ ಹತ್ತಿರ ಕೇಳಿ, ರೆಸಾರ್ಟಿನವರು ಬರುವ ಮೊದಲೇ ಕೇಳಿ. ಬಾಸೆಲ್ ಮಿಷನ್ ಹಂಚಿನ ಮೇಲೆ 1865 ಅಂತ ಇದ್ದರೆ ಹಂಚು ಅಷ್ಟು ಹಳೇದು ಅಂತ ಕುಣಿಯಬೇಡಿ. ಅದು ಮಂಗಳೂರಿನಲ್ಲಿ ಕಾರ್ಖಾನೆ ಶುರುವಾದ ವರ್ಷ. ಲೆಕ್ಕಕ್ಕೆ, ಒಂದು ಚದರ ಮೀಟರಿಗೆ ಸುಮಾರು 15 ಹಂಚು ಹಿಡಿಯುತ್ತದೆ.

ಗಾಲಿಕುರ್ಚಿ:
ನಾನು ಇನ್ನೊಂದು ಕಡೆಯಿಂದ ಮಾತಾಡುತ್ತೇನೆ. ಅಂದರೆ ನೀವೆಲ್ಲ ಯಾರ ಮನೆ ರಿಪೇರಿಗೆ ಹೋಗುತ್ತೀರೋ ಅಂಥವನು.

ಅಡಿಕೆ ಮರದಿಂದ ಬಿದ್ದು ಹನ್ನೊಂದು ವರ್ಷ ಆಯಿತು. ಸೊಂಟದ ಕೆಳಗೆ ಇಲ್ಲ. ನಾಲ್ಕು ವರ್ಷದ ಹಿಂದೆ ಒಂದು ಗುಂಪಿನವರು ಬಂದರು. ಹೆಸರು ಬೇಡ. ನಮ್ಮ ಜಗಲಿಗೆ ರಾಂಪ್ ಮಾಡಿಕೊಟ್ಟರು. ಜಗಲಿ ಒಂದೂವರೆ ಅಡಿ ಎತ್ತರ, ರಾಂಪ್ ಆರು ಅಡಿ ಉದ್ದ. ಲೆಕ್ಕ ಬರುವವರು ನಗುತ್ತಿರಬಹುದು. ಒಂದು ಅಡಿ ಏರಬೇಕಾದರೆ 12 ಅಡಿ ಉದ್ದ ಬೇಕು. ಅಂದರೆ ನಮ್ಮ ಜಗಲಿಗೆ 18 ಅಡಿ. ಅವರು ಮಾಡಿದ್ದು ಜಾರುಬಂಡಿ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಇಬ್ಬರು ಹಿಂದಿನಿಂದ ತಳ್ಳಿ, ಫೋಟೋ ತೆಗೆದು, ಊಟ ಮಾಡಿ ಹೋದರು. ಗೋಡೆ ಮೇಲೆ ದಾನಿಗಳ ಹೆಸರಿನ ಕಲ್ಲು ಇದೆ. ರಾಂಪಿನ ಮೇಲೆ ಈಗ ಅಮ್ಮ ಹಪ್ಪಳ ಒಣಗಿಸುತ್ತಾರೆ.

ಯಾರೂ ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಕೇಳಿದ್ದರೆ ರಾಂಪ್ ಆಮೇಲೆ ನೋಡೋಣ ಅನ್ನುತ್ತಿದ್ದೆ. ನನಗೆ ಬೇಕಿದ್ದಿದ್ದು ಹಾಸಿಗೆಯಿಂದ ಬಚ್ಚಲಿಗೆ ಹೋಗುವ ದಾರಿ. ಹೊಸ್ತಿಲು ಎರಡು, ಬಾಗಿಲು ಎರಡೂಕಾಲು ಅಡಿ, ಕುರ್ಚಿ ತೂರುವುದಿಲ್ಲ. ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಕಬ್ಬಿಣದ ಪೈಪ್ ಇದ್ದರೆ ಅಮ್ಮನ ಬೆನ್ನು ಉಳಿಯುತ್ತಿತ್ತು. ಆಮೇಲೆ ತಮ್ಮನೇ ಹಾಕಿಕೊಟ್ಟ. ಪೈಪು, ನಾಲ್ಕು ಬೋಲ್ಟು, ಅರ್ಧ ದಿನದ ಕೆಲಸ.

ರಾಂಪ್ ಮಾಡುವುದೇ ಆದರೆ ಜಾಗ ಸಾಲದಿದ್ದರೆ ನಡುವೆ ಕಟ್ಟೆ ಬಿಟ್ಟು ತಿರುಗಿಸಿ. ಮೇಲ್ಮೈ ನುಣುಪು ಮಾಡಬೇಡಿ, ಹಸಿ ಇರುವಾಗ ಹಿಡಿ ಕಡ್ಡಿಯಲ್ಲಿ ಗೀರು ಹಾಕಿ. ನಮ್ಮಲ್ಲಿ ಜುಲೈನಲ್ಲಿ ಎಲ್ಲದಕ್ಕೂ ಪಾಚಿ ಹಿಡಿಯುತ್ತದೆ.

ಸಾಗರದ ಸೊಸೆ:
ಹಪ್ಪಳ ಚೆನ್ನಾಗಿ ಒಣಗುತ್ತಾ?

ಗಾಲಿಕುರ್ಚಿ:
ಒಣಗುತ್ತೆ ಅಕ್ಕ. ಗಾಳಿ ಬಂದರೆ ಜಾರುತ್ತೆ.

ಸಾಗರದ ಸೊಸೆ:
ತಮಾಷೆಗೆ ಕೇಳಿದ್ದು, ಬೇಜಾರಾಗಬೇಡಿ. ನನ್ನದೂ ಒಂದು ಪ್ರಶ್ನೆ. ವರ್ಷ ವರ್ಷ ಹಂಚು ಕೈಯಾಡಿಸುವ ಬದಲು ಶೀಟು ಹೊದಿಸಿ ಬಿಟ್ಟರೆ ಆಗಲ್ವಾ? ನಮ್ಮ ಮಾವನ ಮನೆಯಲ್ಲಿ ಮಂಗಗಳ ಕಾಟ. ಮೇನಲ್ಲಿ ಹಂಚು ಸರಿ ಮಾಡಿಸಿದರೆ ಆಗಸ್ಟ್ ಹೊತ್ತಿಗೆ ಒಂದು ಹಿಂಡು ಬಂದು ಕುಣಿದು ಮತ್ತೆ ಇಪ್ಪತ್ತು ಒಡೆದು ಹೋಗುತ್ತದೆ. ಸುರಿಯುವ ಮಳೆಯಲ್ಲಿ ಹತ್ತುವವರು ಯಾರು? ಕೊನೆಗೆ ಶೀಟು ಹಾಕಿಸಿದೆವು. ಮಾವ ಒಂದು ವಾರ ಮಾತು ಬಿಟ್ಟಿದ್ದರು. ಮಳೆ ಬಂದರೆ ಟಿವಿ ಕೇಳುವುದಿಲ್ಲ ಅನ್ನುವುದು ಬಿಟ್ಟರೆ ಈಗ ಅವರಿಗೂ ಆರಾಮ.

ಹಳೇಬಡಗಿ:
ಶೀಟು ಅಂದರೆ ನನಗೆ ಮೈ ಉರಿಯುತ್ತದೆ. ಬೇಸಿಗೆಯಲ್ಲಿ ಬೇಯುತ್ತದೆ, ಗಾಳಿಗೆ ಎದ್ದರೆ ಕತ್ತಿಯ ಹಾಗೆ ಹಾರುತ್ತದೆ. ಆದರೆ ಈ ಅಮ್ಮ ಹೇಳಿದ್ದು ನಿಜ. ಮಂಗನ ಮುಂದೆ ಹಂಚು ಸೋತಿದೆ. ಒಂಟಿಯಾಗಿರುವ ಅಜ್ಜಿಗೆ ಆಗಸ್ಟ್‌ನಲ್ಲಿ ಹಂಚು ಬದಲಿಸುವವರು ಸಿಗುವುದಿಲ್ಲ ಅಂತಾದರೆ ಶೀಟೇ ಸರಿ. ಹಂಚಿನ ಮೇಲೆ ಪ್ರೀತಿ ನನ್ನದು, ಸೋರುವುದು ಅವರ ತಲೆ ಮೇಲೆ.

ಕಬ್ಬಿಣದ ಶೀಟು ಹಾಕಿ. ಸಿಮೆಂಟ್ ಶೀಟು ಬೇಡ. ಹಳೇ ಸಿಮೆಂಟ್ ಶೀಟಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಕೊಯ್ದರೆ ಆ ಧೂಳು ಎದೆಗೆ ಹೋಗುತ್ತದೆ. ಮತ್ತೆ ಅದರ ಮೇಲೆ ಯಾವತ್ತೂ ನೇರ ಕಾಲಿಡಬೇಡಿ. ಗಟ್ಟಿ ಕಾಣುತ್ತದೆ, ಹಪ್ಪಳದ ಹಾಗೆ ಮುರಿಯುತ್ತದೆ. ಮೇಲೆ ಹಲಗೆ ಹಾಕಿಕೊಂಡೇ ಹೋಗಬೇಕು.

ಇನ್ನೊಂದು, ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದು ಉಪಕಾರ ಮಾಡಬೇಡಿ. ತೇವ ಒಳಗೇ ಉಳಿದು ಎರಡು ಮಳೆಗಾಲದಲ್ಲಿ ಹಪ್ಪಳಿಕೆ ಎದ್ದು ಬೀಳುತ್ತದೆ, ಜೊತೆಗೆ ಮಣ್ಣೂ ಬರುತ್ತದೆ. ಮಣ್ಣಿಗೆ ಮಣ್ಣೇ ಮೆತ್ತಿ, ಮೇಲೆ ಸುಣ್ಣ ಹೊಡೆಯಿರಿ. ಎರಚಲು ಹೊಡೆಯುವ ಕಡೆಗೆ ಸೋಗೆ ತಟ್ಟಿ ಕಟ್ಟಿ. ನಮ್ಮ ಹಿರಿಯರು ಸುಮ್ನೆ ಕಟ್ಟುತ್ತಿರಲಿಲ್ಲ.

ವೈರಿಂಗ್ ಹುಡುಗ:
ಏಣಿ ಇಡುವ ಮೊದಲು ಮೈನ್ ಆಫ್ ಮಾಡಿ. ಕಂಬದಿಂದ ಬರುವ ಸರ್ವಿಸ್ ವೈರು ಎಷ್ಟೋ ಮನೆಯಲ್ಲಿ ಸೂರಿಗೇ ತಾಗಿಕೊಂಡಿರುತ್ತದೆ. ಅದು ಮೈನ್ ಆಫ್ ಮಾಡಿದರೂ ಸತ್ತಿರುವುದಿಲ್ಲ, ಮೆಸ್ಕಾಂನವರೇ ಕಂಬದಲ್ಲಿ ಬಿಚ್ಚಬೇಕು. ಮೊದಲೇ ಹೇಳಿಟ್ಟುಕೊಳ್ಳಿ. ಅಲ್ಯೂಮಿನಿಯಂ ಏಣಿ ಅಲ್ಲಿಗೆ ತರಲೇಬೇಡಿ. ಬಿದಿರಿನದ್ದೇ ಒಳ್ಳೆಯದು.

ನಾನು ನೋಡಿದ ಒಂದು ಮನೆಯಲ್ಲಿ ಮಳೆಗಾಲದಲ್ಲಿ ಗೋಡೆ ಮುಟ್ಟಿದರೆ ಜುಮ್ಮೆನ್ನುತ್ತಿತ್ತು. ಅಜ್ಜಿ ಅದಕ್ಕೆ ಒಗ್ಗಿಕೊಂಡು ರಬ್ಬರ್ ಚಪ್ಪಲಿ ಹಾಕಿಕೊಂಡೇ ಮನೆಯೊಳಗೆ ಓಡಾಡುತ್ತಿದ್ದರು. ಹಳೇ ಭಾಗ್ಯಜ್ಯೋತಿ ಕನೆಕ್ಷನ್. ಒಂದು ಬಲ್ಬಿಗೆ ಕೊಟ್ಟ ವೈರಿನಲ್ಲಿ ಮಿಕ್ಸಿ, ಟಿವಿ ಎಲ್ಲ. ಅರ್ಥಿಂಗ್ ಅನ್ನುವುದು ಒಂದು ಮೊಳೆಗೆ ಸುತ್ತಿದ ತಂತಿ. ಹಂಚು ಹಾಕಿದ ದಿನವೇ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಒಂದು ಹಾಕಿಸಿ, ಕರೆಂಟು ಸೋರಿದ ಕೂಡಲೇ ಅದು ತಾನೇ ಲೈನ್ ಕಟ್ ಮಾಡುತ್ತದೆ. ಸೋರುವ ಮನೆಯಲ್ಲಿ ನೀರಿಗಿಂತ ಕರೆಂಟು ಮೊದಲು ಕೊಲ್ಲುತ್ತದೆ. ನಾನು ಬರುತ್ತೇನೆ, ಕೂಲಿ ಬೇಡ, ಸಾಮಾನು ನಿಮ್ಮದು.

ಅಡ್ಡಮಾತು:
ಎಲ್ಲರೂ ಹೊಗಳುತ್ತಿದ್ದೀರಿ, ನಾನು ಹೆಸರಿಗೆ ತಕ್ಕಂತೆ ಅಡ್ಡ ಬರುತ್ತೇನೆ. ಒಬ್ಬರು ಮಾಡಿನಿಂದ ಬಿದ್ದರೆ ಯಾರು ಹೊಣೆ? ಎರಡನೆಯದು, ನೀವು ಬಿಟ್ಟಿ ಮಾಡಿದರೆ ಹಂಚಿನ ಕೆಲಸವನ್ನೇ ನಂಬಿದವರ ಗತಿ ಏನು? ಊರಲ್ಲಿ ಉಳಿದಿರುವುದೇ ಇಬ್ಬರೋ ಮೂವರೋ. ಅವರಿಗೂ ವರ್ಷದಲ್ಲಿ ಎರಡು ತಿಂಗಳೇ ಸಂಪಾದನೆ.

ತುಂಗೆದಂಡೆ:
ಎರಡೂ ಸರಿಯಾದ ಮಾತು.

ಬಿದ್ದಿದ್ದಾರೆ. ನಾನೇ. ಮೊದಲ ವರ್ಷ. ಮುಂಗಾರಿಗೆ ಮೊದಲಿನ ಒಂದು ಸಣ್ಣ ಮಳೆ ಬಂದು ನಿಂತಿತ್ತು. ಪಾಚಿ ಒಣಗಿದ ಹಾಗೆ ಕಾಣಿಸಿತು. ಮಣಿಕಟ್ಟು ಮುರಿಯಿತು, ಆರು ವಾರ ಪ್ಲಾಸ್ಟರ್. ಆ ಮನೆಯ ಅಜ್ಜ ನನ್ನ ಮನೆಗೆ ಬಂದು ನನ್ನ ಅಮ್ಮನ ಹತ್ತಿರ ಕ್ಷಮೆ ಕೇಳಿದರು. ಅದು ಕೈ ನೋವಿಗಿಂತ ಜಾಸ್ತಿ ನೋಯಿಸಿತು. ಆಮೇಲೆ ನಿಯಮ ಮಾಡಿಕೊಂಡೆವು. ಹಿಂದಿನ ರಾತ್ರಿ ಹನಿ ಬಿದ್ದಿದ್ದರೂ ಹತ್ತುವಂತಿಲ್ಲ. ಹಗ್ಗ ಕಟ್ಟದೆ ಹತ್ತುವಂತಿಲ್ಲ. ಎಲ್ಲರೂ ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿದ್ದೇವೆ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಬಿದ್ದು ಕೈ ಮುರಿದರೆ ಅದರಿಂದ ಏನೂ ಬರುವುದಿಲ್ಲ, ಅದಕ್ಕೆ ಹಗ್ಗವೇ ಗತಿ.

ಕೂಲಿ ವಿಷಯ. ಮೇಲೆ ಹತ್ತುವ ಒಬ್ಬರು ಕಸಬುದಾರರಿಗೆ ನಾವು ಪೂರಾ ಕೂಲಿ ಕೊಡುತ್ತೇವೆ, ಚೌಕಾಶಿ ಇಲ್ಲ. ನಾವು ಕೆಳಗಿನ ಕೆಲಸದವರು. ಹಂಚು ತೊಳೆಯುವುದು, ಕೈಯಿಂದ ಕೈಗೆ ದಾಟಿಸುವುದು, ಒಡೆದದ್ದನ್ನು ಹೊರುವುದು. ಕೆಲಸ ಗೊತ್ತಿಲ್ಲದವರಿಗೆ ಅದೇ ಸಾಕಷ್ಟು.

ಪಂಚಾಯ್ತಿಕಟ್ಟೆ:
ಸರ್ಕಾರಿ ಕಡೆಯಿಂದ ಸಿಗುವುದನ್ನು ಬಿಟ್ಟು ನೀವೇ ಎಲ್ಲ ಹೊತ್ತುಕೊಳ್ಳಬೇಡಿ. ಸಿಗುವುದು ಕಡಿಮೆ, ಅದು ಬೇರೆ ಮಾತು.

ವಸತಿ ಯೋಜನೆಗಳು ಹೆಚ್ಚು ಕಡಿಮೆ ಹೊಸ ಮನೆಗೇ ಇರುವುದು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ 2016ರಲ್ಲಿ ಶುರುವಾಯಿತು, ಕೇಂದ್ರದ ಲೆಕ್ಕದಲ್ಲಿ ಬಯಲು ಪ್ರದೇಶದ ಮನೆಗೆ 1.20 ಲಕ್ಷ. ಎಂಬತ್ತರ ಅಜ್ಜಿ ಹಳೇ ಮನೆ ಕೆಡವಿ, ತಳಪಾಯ ಹಾಕಿ, ಹಂತ ಹಂತಕ್ಕೆ ಫೋಟೋ ಹೊಡೆಸಿ ಕಂತು ತೆಗೆದುಕೊಳ್ಳಬೇಕು. ಆಗುವ ಮಾತಾ? ಇಪ್ಪತ್ತು ಸಾವಿರದ ರಿಪೇರಿ ಸಾಕಾಗಿರುವ ಮನೆಗೆ ಅದಕ್ಕೊಂದು ಕಾಲಂ ಇಲ್ಲ.

ಮಳೆಗೆ ಬಿದ್ದರೆ ಪರಿಹಾರ ಇದೆ. ಆದರೆ ಕೇಂದ್ರದ ನಿಯಮದಲ್ಲಿ ಭಾಗಶಃ ಹಾನಿ ಅಂದರೆ ಕನಿಷ್ಠ ಶೇ 15 ಆಗಿರಬೇಕು. ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ರಾಜ್ಯ ಸರ್ಕಾರ ಮೇಲೆ ಸೇರಿಸಿ ಕೊಡುವುದುಂಟು. ಮರ ಬಿದ್ದರೆ, ಗೋಡೆ ಕುಸಿದರೆ ಸರಿ. ಹನಿ ಹನಿಯಾಗಿ ಸೋರಿ ಲಡ್ಡಾಗಿದ್ದಕ್ಕೆ ಮಹಜರು ಬರೆಯಲು ಬರುವುದಿಲ್ಲ. ಹಾಗಾಗಿ ಗಾಳಿಮಳೆಗೆ ಏನಾದರೂ ಬಿದ್ದರೆ ಗ್ರಾಮ ಆಡಳಿತಾಧಿಕಾರಿ ಬಂದು ನೋಡುವ ತನಕ ಸರಿ ಮಾಡಬೇಡಿ. ಟಾರ್ಪಾಲು ಮುಚ್ಚಿ, ಅದಕ್ಕೂ ಮೊದಲು ಫೋಟೋ ತೆಗೆದಿಡಿ. ಒಳ್ಳೇ ಮನಸ್ಸಿನ ಹುಡುಗರು ಮರುದಿನವೇ ಹಂಚು ಹಾಕಿಕೊಟ್ಟು ಪರಿಹಾರ ತಪ್ಪಿದ್ದನ್ನು ನಾನು ಕಂಡಿದ್ದೇನೆ.

ಅಂಗವಿಕಲರಿಗೆ ಅಂತ ಪಂಚಾಯ್ತಿ ತನ್ನ ವರಮಾನದಲ್ಲಿ ಶೇ 5 ತೆಗೆದಿಡಬೇಕು. ಕೇಳುವವರು ಇಲ್ಲದಿದ್ದರೆ ವರ್ಷದ ಕೊನೆಗೆ ಎಲ್ಲೋ ಹೋಗುತ್ತದೆ. ಬಚ್ಚಲಿನ ಪೈಪು, ರಾಂಪು ಅದರಲ್ಲಿ ಕೇಳಬಹುದು. ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ವಿಆರ್‌ಡಬ್ಲ್ಯು ಅಂತಾರಲ್ಲ, ಅವರನ್ನು ಹಿಡಿಯಿರಿ. ಯಾರ ಮನೆಯಲ್ಲಿ ಯಾರಿಗೆ ಏನು ತೊಂದರೆ ಅನ್ನುವುದು ಅವರಿಗೆ ಗೊತ್ತಿರುತ್ತದೆ.

ದೊಡ್ಡ ತಲೆನೋವು ಹಕ್ಕುಪತ್ರ. ಹೊಸನಗರ, ಸಾಗರದ ಕಡೆ ಶರಾವತಿ ಮುಳುಗಡೆಯಲ್ಲಿ ಬಂದು ನೆಲೆಸಿದವರ ಎಷ್ಟೋ ಮನೆಗೆ ಇವತ್ತಿಗೂ ಕಾಗದ ಇಲ್ಲ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ್ದು 1964ರಲ್ಲಿ. ಅಂದು ಮಗುವಾಗಿದ್ದವರು ಈಗ ಅಜ್ಜಂದಿರು. ಅರವತ್ತು ವರ್ಷ ಅದೇ ಸೂರಿನಡಿ ಇದ್ದರೂ ಯೋಜನೆಯ ಅರ್ಜಿಯಲ್ಲಿ ಅವರಿಗೆ ಮನೆ ಇಲ್ಲ. ಅಂಥವರಿಗೆ ನಿಮ್ಮಂಥವರೇ ಬೇಕು.

ಹಳ್ಳಿ ನರ್ಸ್:
ಒಂದೇ ಮಾತು. ನೀವು ಕೆಲಸ ಮಾಡುವ ತಿಂಗಳುಗಳೇ ಮಂಗನ ಕಾಯಿಲೆಯ ಕಾಲ. ಮಾಡಿನಿಂದ ದರಕು (ಒಣ ಎಲೆ) ಗುಡಿಸುವವರು, ಸೋಗೆ, ಬಿದಿರು ತರಲು ಕಾಡಂಚಿಗೆ ಹೋಗುವವರು ಮೈ ತುಂಬ ಬಟ್ಟೆ ಹಾಕಿ, ಆರೋಗ್ಯ ಕೇಂದ್ರದಲ್ಲಿ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ಮನೆಗೆ ಬಂದ ಕೂಡಲೇ ಬಿಸಿನೀರು ಸ್ನಾನ. ಕಾಯಿಲೆ ತರುವ ಉಣ್ಣಿ ಹುಳ ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ಅದನ್ನು ದೂರ ಇಡಲಿಕ್ಕೇ ಆ ಎಣ್ಣೆ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ನಮಗೆ ಹೇಳಿ.

ಕಡಲಾಚೆ:
ನಾನಿರುವುದು ಅಮೆರಿಕದಲ್ಲಿ, ಊರು ಕೊಪ್ಪದ ಹತ್ತಿರ. ಇಲ್ಲಿ ರೀಬಿಲ್ಡಿಂಗ್ ಟುಗೆದರ್ ಅಂತ ಒಂದು ಸಂಸ್ಥೆ ಇದೆ. 1973ರಲ್ಲಿ ಟೆಕ್ಸಾಸಿನ ಮಿಡ್‌ಲ್ಯಾಂಡ್ ಅನ್ನುವ ಊರಲ್ಲಿ ಅಕ್ಕಪಕ್ಕದವರು ಸೇರಿ ಶುರು ಮಾಡಿದ್ದು. ಅವರದೂ ಏಪ್ರಿಲ್‌ನಲ್ಲೇ! ಹೆಸರೇ ಮೊದಲು "ಏಪ್ರಿಲ್‌ನಲ್ಲಿ ಕ್ರಿಸ್‌ಮಸ್" ಅಂತ ಇತ್ತು. ನಾನು ಎರಡು ಸಲ ಹೋಗಿದ್ದೆ. ಇಲ್ಲಿ ಮನೆಯವರೇ ಅರ್ಜಿ ಹಾಕುತ್ತಾರೆ. ಕೇಳುವುದಕ್ಕೆ ಸಂಕೋಚ ಇವರಿಗೂ ಇದೆ, ಆದರೆ ಫಾರಂ ತುಂಬುವಾಗ ಎದುರಿಗೆ ಯಾರೂ ಇರುವುದಿಲ್ಲವಲ್ಲ. ನಮ್ಮಲ್ಲಿ ಫಾರಂ ಇಟ್ಟರೆ ನಮ್ಮ ದೊಡ್ಡಪ್ಪ ಸತ್ತರೂ ತುಂಬುವುದಿಲ್ಲ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕಿತಾ?

ತುಂಗೆದಂಡೆ:
ಪೂರ್ತಿ ಇಲ್ಲ. ಹದಿನಾಲ್ಕು ಪಾತ್ರೆಯ ಅಜ್ಜಿಯ ಕಥೆ ಪೂರ್ತಿ ಹೇಳುತ್ತೇನೆ, ಅದರಲ್ಲಿ ಏನೋ ಇದೆ.

ಅವರೂ ಮೊದಲು ಬೇಡ ಅಂದಿದ್ದರು. ಮೂರನೇ ಸಲ ಹೋದಾಗ ನಮ್ಮಲ್ಲಿ ಒಬ್ಬರು ಸುಮ್ನೆ ಬಾಯಿಗೆ ಬಂದಿದ್ದು ಅಂದುಬಿಟ್ಟರು, "ಅಜ್ಜಿ, ಇದು ಮುಯ್ಯಾಳು. ಈಗ ನಾವು ಬರುತ್ತೇವೆ, ಆಮೇಲೆ ನೀವು ಬನ್ನಿ." ಅಜ್ಜಿ ಸ್ವಲ್ಪ ಹೊತ್ತು ಎಲೆ ಅಡಿಕೆ ಹಾಕಿಕೊಂಡು ಯೋಚಿಸಿದರು. "ಎಷ್ಟು ಆಳು ಬರ್ತೀರಿ?" ಅಂತ ಕೇಳಿದರು. ಆರು ಅಂದೆವು. ಸರಿ ಅಂದರು.

ನಾವು ಕೆಲಸ ಮುಗಿಸಿ ಮರೆತೆವು. ಅವರು ಮರೆಯಲಿಲ್ಲ. ನವೆಂಬರ್‌ನಲ್ಲಿ ನಮ್ಮ ಮನೆಯಲ್ಲಿ ಅಡಿಕೆ ಸುಲಿತ ಶುರುವಾಗಿತ್ತು. ಒಂದು ಸಂಜೆ ಅಜ್ಜಿ ಕಂಬಳಿ ಹೊದ್ದು, ತಮ್ಮದೇ ಮೆಟ್ಟುಗತ್ತಿ ಬಗಲಲ್ಲಿ ಹಿಡಿದು ಅಂಗಳಕ್ಕೆ ಬಂದರು. ಆರು ರಾತ್ರಿ ಕೂತು ಸುಲಿದರು. ಒಂದು ರಾತ್ರಿಗೆ ಒಂದು ಆಳಿನ ಲೆಕ್ಕ. ನಾನು ಸುಲಿದ ಅಡಿಕೆ ನೋಡಿ "ಅರ್ಧ ಸಿಪ್ಪೆ ಇದ್ರಲ್ಲೇ ಇದೆ" ಅಂತ ಮೂರು ಸಲ ವಾಪಸ್ ಹಾಕಿದರು. ಅಮ್ಮ ಕೂಲಿ ಕೊಡಲು ಹೋದರೆ ಮುಟ್ಟಲಿಲ್ಲ. ಏಳನೇ ದಿನ ಬರಲಿಲ್ಲ. ಚುಕ್ತಾ ಆಯಿತಲ್ಲ.

ಈಗ ದಾರಿಯಲ್ಲಿ ಸಿಕ್ಕಿದರೆ ಅವರೇ ಕರೆದು ಮಾತಾಡಿಸುತ್ತಾರೆ. ಉಳಿದ ಕೆಲವು ಮನೆಯವರು ನಮ್ಮನ್ನು ಕಂಡರೆ ಈಗಲೂ ಒಂಥರಾ ತಲೆ ತಗ್ಗಿಸುತ್ತಾರೆ. ಅಲ್ಲೆಲ್ಲ ನಾವು ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದ್ದೆವು. ಗಾಲಿಕುರ್ಚಿ ಬರೆದಿದ್ದು ಓದಿ ನಿನ್ನೆ ರಾತ್ರಿ ಎಲ್ಲ ಅಳಿಸಿದೆ.

ಆದರೆ ಕಾಲಿಲ್ಲದ ಆ ಅಜ್ಜನಿಗೆ ಮುಯ್ಯಾಳು ಅಂತ ಹೇಗೆ ಹೇಳುವುದು? ಅಣಕಿಸಿದ ಹಾಗೆ ಆಗುತ್ತದೆ.

ಗಾಲಿಕುರ್ಚಿ:
ಕಾಲು ಇಲ್ಲ, ಕೈ ಇದೆಯಲ್ಲ ಅಣ್ಣ. ನೀವೇ ಬರೆದಿದ್ದೀರಿ, ಕತ್ತಿಗೆ ಹಿಡಿ ಕೆತ್ತುತ್ತಿದ್ದರು ಅಂತ.

ಹಳೇಬಡಗಿ:
ಈ ಹುಡುಗ ಹೇಳಿದ್ದು ಸರಿ. ನನ್ನ ಹತ್ತಿರ ಹಿಡಿ ಕಳಚಿದ ಕತ್ತಿ ಎರಡು, ಬಾಚಿ ಒಂದು ಬಿದ್ದಿದೆ. ನನಗೇ ಹಾಕಲು ಬರುತ್ತದೆ, ಬರುವುದಿಲ್ಲ ಅಂತ ಇಟ್ಟುಕೊಳ್ಳಿ. ಭಾನುವಾರ ತರುತ್ತೇನೆ. ನಾನೇ ಮಾತಾಡುತ್ತೇನೆ. ಯಾರೂ ಹಂಚಿನ ಮಾತು ಎತ್ತಬೇಡಿ, ಮೇಲೆ ನೋಡಲೂ ಬೇಡಿ.

ತುಂಗೆದಂಡೆ:
ಭಾನುವಾರ ರಾತ್ರಿ ಬರೆಯುತ್ತಿದ್ದೇನೆ. ಹೋಗಿ ಬಂದೆವು.

ಬಡಗಿಯವರು ಕತ್ತಿ ಮುಂದಿಟ್ಟರು. ಅಜ್ಜ ತಿರುಗಿಸಿ ನೋಡಿ, "ಯಾವ ಮುಟ್ಠಾಳ ಹಾಕಿದ್ದು ಈ ಹಳೇ ಹಿಡಿ?" ಅಂದರು. ಹಾಕಿದ್ದು ಬಡಗಿಯವರೇ. ಉಸಿರೆತ್ತಲಿಲ್ಲ ಪಾಪ. ಎರಡು ಗಂಟೆ ಕೂತೆವು. ಮೂರಕ್ಕೂ ಹಿಡಿ ಹಾಕಿಕೊಟ್ಟರು. ದುಡ್ಡು ಎಷ್ಟು ಅಂದರೆ "ಹೋಗ್ರೋ" ಅಂದರು. ಬೆಲ್ಲದ ಕಾಫಿ ಆಯಿತು. ಎದ್ದು ಅಂಗಳ ದಾಟುವಾಗ ಹಿಂದಿನಿಂದ ಕರೆದರು. "ಮೂಡಣ ಮೂಲೇಲಿ ಸ್ವಲ್ಪ ನೀರು ಬರುತ್ತೆ. ಬಡಗಿ ಅಂದ್ಯಲ್ಲ, ಬಂದಾಗ ಒಂದು ಕಣ್ಣು ಹಾಯಿಸು."

ಮುಂದಿನ ಭಾನುವಾರ ಅಲ್ಲಿಗೇ. ವೈರಿಂಗ್ ಹುಡುಗ, ನೀವೂ ಬನ್ನಿ. ಮಾಡು ಎತ್ತರ ಇದೆ, ನಮ್ಮ ಏಣಿ ಮುಟ್ಟುವುದಿಲ್ಲ. ಇಪ್ಪತ್ತು ಅಡಿಯದು ಯಾರ ಮನೆಯಲ್ಲಾದರೂ ಇದೆಯಾ?

ಅಡ್ಡಮಾತು:
ನಮ್ಮ ಮನೆಯಲ್ಲಿದೆ. ಬಿದಿರಿನದ್ದು. ಹೊರಲು ಇನ್ನೊಬ್ಬರನ್ನು ಕಳಿಸಿ.